ಪ್ಯಾಡ್ ಪ್ಯಾಕೆಟ್ ಮೇಲೆ ಬರೆಯದೇ ಬಿಟ್ಟದ್ದು

ಕಳೆದ ವಾರ ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಒಂದು ಪ್ಯಾಡ್ ಪ್ಯಾಕೆಟ್ ಕೇಳಿದೆ. ಅಂಗಡಿಯವರು ಅದನ್ನು ಶೆಲ್ಫಿನಿಂದ ತೆಗೆಯುವ ಮೊದಲೇ ಹಳೇ ಪೇಪರಿನ ಹಾಳೆ ಎಳೆದುಕೊಂಡರು. "ಅಣ್ಣ, ಸುತ್ತೋದು ಬೇಡ, ಬ್ಯಾಗ್ ಇದೆ" ಅಂದೆ. "ಇರ್ಲಿ ಬಿಡಮ್ಮ" ಅಂತ ಸುತ್ತಿ, ಮೇಲಿಂದ ಕಪ್ಪು ಕವರಿಗೂ ಹಾಕಿ ಕೊಟ್ಟರು. ಪಕ್ಕದಲ್ಲಿದ್ದವರು ಕೆಮ್ಮಿನ ಸಿರಪ್ ತಗೊಂಡರು. ಅದಕ್ಕೆ ಪೇಪರೂ ಇಲ್ಲ, ಕವರೂ ಇಲ್ಲ.

ಈ ಕಪ್ಪು ಕವರಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಈ ಸಲ ನನ್ನ ತಲೆ ತಿಂದದ್ದು ಅದರೊಳಗಿನ ಇನ್ನೊಂದು ಕವರ್, ಕಂಪನಿಯದ್ದು. ಮನೆಗೆ ಬಂದು ಪ್ಯಾಕೆಟ್ಟನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು, ಕನ್ನಡಕ ಹಾಕಿಕೊಂಡು, ಹಿಂದೆ ಮುಂದೆ ಪೂರ್ತಿ ಓದಿದೆ. ಇಪ್ಪತ್ತೈದು ವರ್ಷದಿಂದ ತಿಂಗಳು ತಿಂಗಳು ಕೊಳ್ಳುತ್ತಿರುವ ವಸ್ತು. ಹೀಗೆ ಕೂತು ಓದಿದ್ದು ಇದೇ ಮೊದಲು.

ಮುಂದೆ ಒಂದು ಹೂವು, ಎರಡು ಚಿಟ್ಟೆ, ದೊಡ್ಡದಾಗಿ ಎಕ್ಸ್‌ಎಲ್. "12 ಗಂಟೆವರೆಗೆ ರಕ್ಷಣೆ." "ಕಾಟನಿ ಸಾಫ್ಟ್." ಹಿಂದೆ ಬೆಲೆ, ಒಂದು ಪ್ಯಾಡಿಗೆ ಎಷ್ಟು ಬೀಳುತ್ತದೆ ಅನ್ನುವ ಲೆಕ್ಕ, ತಯಾರಾದ ತಿಂಗಳು, ಕಾರ್ಖಾನೆಯ ವಿಳಾಸ, ದೂರು ಹೇಳಲು ನಂಬರ್. ಅಷ್ಟೇ. ಪ್ಯಾಡನ್ನು ಯಾವುದರಿಂದ ಮಾಡಿದ್ದಾರೆ ಅನ್ನುವ ಒಂದು ಸಾಲೂ ಇಲ್ಲ.

ಪಕ್ಕದಲ್ಲೇ ಬಿಸ್ಕತ್ತಿನ ಪ್ಯಾಕೆಟ್ ಇತ್ತು. ಮೈದಾ ಎಷ್ಟು, ಸಕ್ಕರೆ ಎಷ್ಟು, ಯಾವ ಎಣ್ಣೆ ಎಲ್ಲಾ ಇದೆ. ಬಚ್ಚಲಿನ ಶಾಂಪೂ ಬಾಟಲಿ ಮೇಲೂ ಉದ್ದದ ಪಟ್ಟಿ ಇದೆ, ಅದರಲ್ಲಿ ಅರ್ಧ ನನಗೆ ಅರ್ಥವಾಗುವುದಿಲ್ಲ, ಆದರೂ ಇದೆ. ತಲೆಗೆ ಹಚ್ಚಿ ಎರಡು ನಿಮಿಷಕ್ಕೆ ತೊಳೆಯುವ ವಸ್ತುವಿಗೆ ಪಟ್ಟಿ ಬೇಕು. ದಿನಕ್ಕೆ ಇಪ್ಪತ್ನಾಲ್ಕು ಗಂಟೆ, ತಿಂಗಳಿಗೆ ಐದು ದಿನ, ಮೂವತ್ತೈದು ನಲವತ್ತು ವರ್ಷ ಮೈಯ ತೀರಾ ಸೂಕ್ಷ್ಮ ಜಾಗಕ್ಕೆ ಅಂಟಿಕೊಂಡಿರುವ ವಸ್ತುವಿಗೆ ಬೇಡ.

ಕಾರಣ ಸರಳ. ಆಹಾರಕ್ಕೆ ಆಹಾರದ ಕಾನೂನು ಇದೆ, ಶಾಂಪೂವಿಗೆ ಸೌಂದರ್ಯವರ್ಧಕಗಳ ನಿಯಮ ಇದೆ. ಪ್ಯಾಡಿನ ಪ್ಯಾಕೆಟ್ ಮೇಲೆ ನಾವು ಓದುವ ವಿವರ ಬಹುಪಾಲು ಬರುವುದು 2011ರ ಪೊಟ್ಟಣ ಸಾಮಗ್ರಿಗಳ ನಿಯಮದಿಂದ. ಅದು ತೂಕ ಅಳತೆ ಇಲಾಖೆಯ ನಿಯಮ. ಗ್ರಾಹಕರಿಗೆ ಲೆಕ್ಕದಲ್ಲಿ ಮೋಸ ಆಗಬಾರದು ಅನ್ನುವುದಷ್ಟೇ ಅದರ ಚಿಂತೆ. ಪ್ಯಾಕೆಟ್ಟಿನಲ್ಲಿ ಏಳು ಅಂದರೆ ಏಳು ಇರಬೇಕು. ಆ ಏಳು ಏನು ಅನ್ನುವುದು ಅದಕ್ಕೆ ಬೇಕಾಗಿಲ್ಲ. ಅದೇ ನಿಯಮದ ಪ್ರಕಾರ ಈ ವಿವರಗಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು. ಕನ್ನಡ ಹಾಕಬಹುದು, ಹಾಕಲೇಬೇಕು ಅಂತಿಲ್ಲ. ಹಾಗಾಗಿ ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನಿಗೆ ಈ ಪ್ಯಾಕೆಟ್ ಹೇಳುವುದು ಹೂವು, ಚಿಟ್ಟೆ, ಬಣ್ಣ ಇಷ್ಟೇ. "ಹಸಿರು ಪ್ಯಾಕೆಟ್ ಕೊಡಿ" ಅಂತ ಕೇಳಿ ತರುತ್ತೇನೆ ಅಂದರು.

ಈಗ "ಕಾಟನಿ"ಗೆ ಬರೋಣ. ಈ ಪದದ ಜಾಣತನ ನೋಡಿ. ಕಾಟನ್ ಅಂದಿದ್ದರೆ ಹತ್ತಿ ಇರಬೇಕಿತ್ತು. ಕಾಟನಿ ಅಂದರೆ ಹತ್ತಿಯ ಥರ. ಥರ ಇರುವುದಕ್ಕೆ ಹತ್ತಿ ಬೇಕಾಗಿಲ್ಲ. ಒಂದು ಪ್ಯಾಡನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿದೆ. ಮೇಲಿನ ಮೆತ್ತನೆ ಬಿಳಿ ಹಾಳೆ, ಮೈಗೆ ತಾಗುವಂಥದ್ದು, ಈ ಬಗೆಯ ಪ್ಯಾಡುಗಳಲ್ಲಿ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಎಳೆಗಳದ್ದು. ನೆಯ್ದದ್ದಲ್ಲ, ಬಿಸಿ ಮಾಡಿ ಒತ್ತಿದ್ದು. ಸಣ್ಣ ಸಣ್ಣ ತೂತುಗಳಿರುವ ಜಾಲರಿ ಥರದ ಪ್ಯಾಡ್ ಬರುತ್ತದಲ್ಲ, ಅದರ ಮೇಲ್ಪದರ ಪ್ಲಾಸ್ಟಿಕ್ ಹಾಳೆಯೇ. ಅದರ ಕೆಳಗೆ ಬಿಳಿ ನಾರು. ಹತ್ತಿ ಅಂತ ನಾನೂ ಅಂದುಕೊಂಡಿದ್ದೆ. ಸಾಮಾನ್ಯವಾಗಿ ಅದು ಮರದ ತಿರುಳು. ತಳದಲ್ಲಿ ಸೋರದಂತೆ ತಡೆಯುವ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಅಂಟು, ಅಂಟಿನ ಮೇಲೆ ನುಣುಪು ಕಾಗದ.

ನಾರಿನ ಮಧ್ಯೆ ಉಪ್ಪಿನಂಥ ಹರಳು ಕೈಗೆ ಸಿಕ್ಕಿತು. ಒಂದು ಬಟ್ಟಲಿಗೆ ಉದುರಿಸಿ ಎರಡು ಚಮಚ ನೀರು ಹಾಕಿದೆ. ನೋಡನೋಡುತ್ತಲೇ ಉಬ್ಬಿ, ನೆನೆಸಿದ ಸಬ್ಬಕ್ಕಿ ಥರ ಆಯಿತು. ಬಟ್ಟಲನ್ನು ಬೋರಲು ಹಾಕಿದರೂ ಒಂದು ಹನಿ ಬೀಳಲಿಲ್ಲ. ಇದು ಸೋಡಿಯಂ ಪಾಲಿಅಕ್ರಿಲೇಟ್, ಮಕ್ಕಳ ಡೈಪರಿನಲ್ಲೂ ಇದೇ ಇರುವುದು. ಪ್ಯಾಡ್ ತೆಳ್ಳಗಾಗಿದ್ದೇ ಇದರಿಂದ. ನಮ್ಮ ಹೈಸ್ಕೂಲು ದಿನಗಳ ದಪ್ಪ ಪ್ಯಾಡನ್ನೂ, ಅದನ್ನು ಹಾಕಿಕೊಂಡು ಸೈಕಲ್ ತುಳಿದದ್ದನ್ನೂ ನೆನೆಸಿಕೊಂಡರೆ ಈ ಹರಳಿಗೆ ನಾನು ಒಂದು ನಮಸ್ಕಾರ ಹೇಳಲೇಬೇಕು. ಪ್ಲಾಸ್ಟಿಕ್ ಇದೆ ಅಂದ ತಕ್ಷಣ ವಿಷ ಅಂತ ಕೂಗುವವಳು ನಾನಲ್ಲ. ಅದು ಅಷ್ಟು ಒಳ್ಳೆಯ ಕೆಲಸ ಮಾಡುತ್ತಿದ್ದರೆ ಅದರ ಹೆಸರು ಬರೆಯಲು ಏನು ಅಡ್ಡಿ?

ಬರೆಯದೇ ಇದ್ದರೆ ಏನಾಗುತ್ತದೆ ಅಂದರೆ, ಬೇರೆಯವರು ಬರೆಯುತ್ತಾರೆ. ಎರಡು ವರ್ಷದ ಹಿಂದೆ ಪಕ್ಕದ ಮನೆಯವರು "ಸುಮ್ನೆ ಬನ್ನಿ, ಕಾಫಿ ಕುಡಿಯೋಣ" ಅಂತ ಕರೆದರು. ಹೋದರೆ ಹಾಲ್‌ನಲ್ಲಿ ಹತ್ತು ಜನ ಹೆಂಗಸರು, ನಡುವೆ ಚೈನ್ ಮಾರ್ಕೆಟಿಂಗಿನ ಒಬ್ಬ ಮೇಡಂ. ಅವರು ಅಂಗಡಿ ಪ್ಯಾಡೊಂದನ್ನು ಹರಿದು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿದರು. ನೀರು ಬಿಳಿಚಿತು. "ನೋಡಿದ್ರಾ, ಹಳೇ ನ್ಯೂಸ್‌ಪೇಪರ್ ಬ್ಲೀಚ್ ಮಾಡಿ ತುಂಬಿರೋದು!" ಆಮೇಲೆ ತಮ್ಮ ಪ್ಯಾಡ್ ತೆಗೆದರು. ನಡುವೆ ಹಸಿರು ಪಟ್ಟಿ. ಅದರಿಂದ ಋಣ ಅಯಾನ್ ಬರುತ್ತದಂತೆ, ಹೊಟ್ಟೆನೋವು, ಸೋಂಕು, ಗಡ್ಡೆ ಎಲ್ಲಾ ವಾಸಿಯಾಗುತ್ತದಂತೆ. ಬೆಲೆ ಅಂಗಡಿಯದ್ದಕ್ಕಿಂತ ಎಷ್ಟೋ ಜಾಸ್ತಿ. ನೀರು ಬಿಳಿಚಿದ್ದು ಮರದ ತಿರುಳು ಬಿಚ್ಚಿಕೊಂಡಿದ್ದರಿಂದ, ಅದರಲ್ಲಿ ಅಚ್ಚರಿಯೇನಿಲ್ಲ. ಅದು ಅವತ್ತು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ. ಪ್ಯಾಕೆಟ್ ಮೇಲೆ "ಮರದ ತಿರುಳು" ಅಂತ ಎರಡು ಪದ ಇದ್ದಿದ್ದರೆ ಆ ಲೋಟದ ಆಟ ನಡೆಯುತ್ತಲೇ ಇರಲಿಲ್ಲ. ಮೂರು ಜನ ಅವತ್ತೇ ದುಡ್ಡು ಕೊಟ್ಟರು.

ಹೆದರಿಕೆಗೆಲ್ಲಾ ಬುಡವೇ ಇಲ್ಲ ಅಂತಲೂ ಹೇಳಲಾಗದು. ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ 2022ರಲ್ಲಿ ಭಾರತದ ಮಾರುಕಟ್ಟೆಯ 10 ಪ್ಯಾಡುಗಳನ್ನು ಪರೀಕ್ಷೆ ಮಾಡಿಸಿತು. ಹತ್ತರಲ್ಲೂ ಥ್ಯಾಲೇಟ್ ಸಿಕ್ಕಿತು, ಬೇಗ ಆವಿಯಾಗುವ ರಾಸಾಯನಿಕಗಳೂ ಸಿಕ್ಕವು. ಥ್ಯಾಲೇಟ್ ಅಂದರೆ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಬಳಸುವಂಥದ್ದು, ಅವುಗಳಲ್ಲಿ ಕೆಲವು ಹಾರ್ಮೋನಿಗೆ ಅಡ್ಡಬರುತ್ತವೆ. ಆ ಹತ್ತರಲ್ಲಿ ಆರ್ಗ್ಯಾನಿಕ್ ಅಂತ ಬರೆದುಕೊಂಡವೂ ಇದ್ದವು, ಅವಕ್ಕೂ ವಿನಾಯಿತಿ ಸಿಗಲಿಲ್ಲ. ಹತ್ತು ಪ್ಯಾಡ್ ಅಂದರೆ ಸಣ್ಣ ಪರೀಕ್ಷೆ. ವಸ್ತು ಸಿಕ್ಕಿತು ಅಂದ ಮಾತ್ರಕ್ಕೆ ಅದು ಮೈಗೆ ಇಷ್ಟು ಸೇರಿತು, ಇಂಥ ರೋಗ ತಂದಿತು ಅಂತ ಆಗುವುದಿಲ್ಲ. ಅಮೆರಿಕದಲ್ಲೂ ಹೀಗೇ ಆಯಿತು. 2024ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದ ಸಂಶೋಧಕರು 14 ಬ್ರ್ಯಾಂಡಿನ ಟ್ಯಾಂಪೂನುಗಳನ್ನು, ಅಂದರೆ ಮೈಯೊಳಗೆ ಇಟ್ಟುಕೊಳ್ಳುವ, ರಕ್ತ ಹೀರುವ ಸುರುಳಿಗಳನ್ನು ಪರೀಕ್ಷಿಸಿ, ಎಲ್ಲದರಲ್ಲೂ ಸೀಸದ ಅಂಶ ಇದೆ ಅಂದರು. ಅದು ದೇಹಕ್ಕೆ ಇಳಿಯುತ್ತದೋ ಇಲ್ಲವೋ ಅನ್ನುವುದು ಅವರ ಪರೀಕ್ಷೆಯ ವ್ಯಾಪ್ತಿಯಲ್ಲಿ ಇರಲಿಲ್ಲ. ಅಲ್ಲಿ ಒಂದು ವ್ಯತ್ಯಾಸ ಮಾತ್ರ ಇದೆ. ನ್ಯೂಯಾರ್ಕ್ ರಾಜ್ಯ 2019ರಲ್ಲೇ ಕಾನೂನು ಮಾಡಿ, ಮುಟ್ಟಿನ ಪ್ಯಾಡು ಟ್ಯಾಂಪೂನುಗಳ ಪ್ಯಾಕೆಟ್ ಮೇಲೆ ಒಳಗಿರುವ ವಸ್ತುಗಳ ಪಟ್ಟಿ ಹಾಕಬೇಕು ಅಂದಿತು. ಮರುವರ್ಷ ಕ್ಯಾಲಿಫೋರ್ನಿಯಾವೂ ಹಾಗೇ ಮಾಡಿತು. ಅಲ್ಲಿ ಮಾರಲು ಪಟ್ಟಿ ಅಚ್ಚು ಹಾಕಿಸುವ ಬಹುರಾಷ್ಟ್ರೀಯ ಕಂಪನಿಗಳೇ ಇಲ್ಲೂ ಇರುವುದು. ಅವರಿಗೆ ಪಟ್ಟಿ ಬರೆಯಲು ಬರುವುದಿಲ್ಲ ಅಂತೇನಿಲ್ಲ, ಅಲ್ವಾ?

ನಮ್ಮಲ್ಲಿ ಗುಣಮಟ್ಟದ ಅಳತೆಗೋಲು ಇಲ್ಲವೇ? ಇದೆ. ಐಎಸ್ 5405 ಅಂತ. 1969ರಷ್ಟು ಹಳೆಯದು, 1980ರಲ್ಲಿ ಒಮ್ಮೆ, 2019ರಲ್ಲಿ ಒಮ್ಮೆ ತಿದ್ದಿದ್ದಾರೆ. ಬಹಳ ವರ್ಷ ಅದು ಕಂಪನಿಗಳು ಬೇಕಿದ್ದರೆ ಪಾಲಿಸುವಂಥದ್ದಾಗಿತ್ತು. 2023ರಲ್ಲಿ ಜವಳಿ ಸಚಿವಾಲಯ ಅದನ್ನು ಕಡ್ಡಾಯ ಮಾಡುವ ಆದೇಶ ಹೊರಡಿಸಿತು. ಜಾರಿಯ ದಿನಾಂಕ ಮಾತ್ರ ಮುಂದಕ್ಕೆ ಹೋಯಿತು. ಆ ಅಳತೆಗೋಲಿನ ಗುರುತು ಪ್ಯಾಕೆಟ್ ಮೇಲೆ ಇದ್ದರೂ ಅದು ಪಾಸಾದ ಸರ್ಟಿಫಿಕೇಟು, ಒಳಗಿನ ಪಟ್ಟಿ ಅದರಲ್ಲಿ ಇರುವುದಿಲ್ಲ.

ಆ 1980ರ ಪರೀಕ್ಷೆಯ ಒಂದು ವಿವರ ನನಗೆ ತುಂಬಾ ಹಿಡಿಸಿತು. ಬಣ್ಣದ ನೀರನ್ನೋ, ಕುರಿ ಇಲ್ಲವೇ ಮೇಕೆಯ ರಕ್ತವನ್ನೋ ನಿಮಿಷಕ್ಕೆ 15 ಮಿಲೀಲೀಟರಿನಂತೆ ಪ್ಯಾಡಿನ ನಡುವೆ ಸುರಿಯಬೇಕು. 30 ಮಿಲೀಲೀಟರ್ ಹೀರಬೇಕು, ತಳದಲ್ಲೋ ಅಂಚಿನಲ್ಲೋ ಕಾಣಿಸಿಕೊಳ್ಳಬಾರದು. ಲೆಕ್ಕ ಹಾಕಿ. ಒಬ್ಬ ಹೆಂಗಸಿಗೆ ಒಂದು ತಿಂಗಳ ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿಲೀಲೀಟರ್. ಅಂದರೆ ಐದು ದಿನದ್ದು ಎರಡು ನಿಮಿಷದಲ್ಲಿ! ಆದರೂ ಅದೊಂದು ಅಳತೆ. ಕಾಗದದ ಮೇಲೆ ಇಷ್ಟು ಖಚಿತವಾದ ಅಂಕಿ ಇರುವಾಗ ಪ್ಯಾಕೆಟ್ ಮೇಲೆ ಬರುವುದು ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್, ಅಲ್ಟ್ರಾ, ನೈಟ್. ಬನಿಯನ್ನಿನ ಸೈಜಿನ ಥರ. ಎಷ್ಟು ಉದ್ದ ಅಂತ ಕೆಲವರು ಮಿಲಿಮೀಟರಿನಲ್ಲಿ ಬರೆಯುತ್ತಾರೆ. ಎಷ್ಟು ಹೀರುತ್ತದೆ ಅಂತ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಅಮೆರಿಕದಲ್ಲೂ ಟ್ಯಾಂಪೂನಿನ ಕಥೆ ಒಂದು ಕಾಲಕ್ಕೆ ಹೀಗೇ ಇತ್ತು. ಒಬ್ಬರ "ಸೂಪರ್" ಇನ್ನೊಬ್ಬರ "ರೆಗ್ಯುಲರ್." 1980ರಲ್ಲಿ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಅನ್ನುವ ಕಾಯಿಲೆಯಿಂದ ಹುಡುಗಿಯರು ಸತ್ತರು. ತುಂಬಾ ಹೀರುವ ಟ್ಯಾಂಪೂನಿಗೂ ಅದಕ್ಕೂ ನಂಟು ಕಂಡಿತು, ಪ್ರಾಕ್ಟರ್ ಆಂಡ್ ಗ್ಯಾಂಬಲ್ ತನ್ನ ರಿಲೈ ಅನ್ನುವ ಟ್ಯಾಂಪೂನನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ಬೇಕಾದಷ್ಟು ಹೀರುವುದನ್ನು ಮಾತ್ರ ಕೊಳ್ಳಿ, ಜಾಸ್ತಿಯದ್ದು ಬೇಡ ಅಂತ ಹೇಳಬೇಕಾದರೆ ಮೊದಲು ಎಲ್ಲರ "ಸೂಪರ್" ಒಂದೇ ಆಗಬೇಕಲ್ಲ? ಆ ನಿಯಮ ಬರಲು 1989 ಆಯಿತು. ಈಗ ಅಲ್ಲಿ ರೆಗ್ಯುಲರ್ ಅಂದರೆ 6ರಿಂದ 9 ಗ್ರಾಂ ಹೀರುವಂಥದ್ದು, ಸೂಪರ್ ಅಂದರೆ 9ರಿಂದ 12 ಗ್ರಾಂ, ಕಂಪನಿ ಯಾವುದೇ ಇರಲಿ. ಆದರೆ ಅಲ್ಲೂ ಪ್ಯಾಡಿಗೆ ಅಂಥ ಅಳತೆ ಬರಲಿಲ್ಲ.

ಇದೆಲ್ಲಾ ಏಕೆ ಮುಖ್ಯ ಅಂದರೆ, ನನಗೇ ಆದ ಒಂದು ಪೇಚಾಟ ಹೇಳುತ್ತೇನೆ. ನಲವತ್ತರ ಹತ್ತಿರ ರಕ್ತ ಜಾಸ್ತಿ ಹೋಗಲು ಶುರುವಾಯಿತು. ಡಾಕ್ಟರ್ ಕೇಳಿದರು, "ದಿನಕ್ಕೆ ಎಷ್ಟು ಪ್ಯಾಡ್?" "ಮೂರು." "ಮೂರೇನಾ? ನಾರ್ಮಲ್ ಅಲ್ವಾ?" "ಡಾಕ್ಟ್ರೇ, ಅದು ನೇರಳೆ ಪ್ಯಾಕೆಟ್, ದೊಡ್ಡದು." ಅವರು ಪೆನ್ನು ಹಿಡಿದು ಸುಮ್ಮನೆ ನನ್ನನ್ನೇ ನೋಡಿದರು. ನೇರಳೆ ಅಂದರೆ ಎಷ್ಟು ಮಿಲೀಲೀಟರ್ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆಮೇಲೆ ಹಿಮೋಗ್ಲೋಬಿನ್ ನೋಡಿದಾಗ ಎಂಟೂವರೆ, ತೀರಾ ಕಡಿಮೆ. 2023ರಲ್ಲಿ ಅಮೆರಿಕದ ಓರೆಗಾನ್‌ನ ರಕ್ತರೋಗ ತಜ್ಞೆ ಬೆಥನಿ ಸ್ಯಾಮ್ಯುಯಲ್ಸನ್ ಬ್ಯಾನೋ ಮತ್ತವರ ತಂಡ ಈ ತೊಡಕನ್ನೇ ಹಿಡಿದುಕೊಂಡು, ರಕ್ತನಿಧಿಯಲ್ಲಿ ಅವಧಿ ಮುಗಿದ ರಕ್ತ ತಂದು 21 ಬಗೆಯ ಪ್ಯಾಡು, ಟ್ಯಾಂಪೂನು, ಒಳಗಿಟ್ಟು ರಕ್ತ ಹಿಡಿಯುವ ಕಪ್ ಮತ್ತು ಡಿಸ್ಕ್, ತಾನೇ ರಕ್ತ ಹೀರುವ ಮುಟ್ಟಿನ ಚಡ್ಡಿಗಳ ಮೇಲೆ ಸುರಿದು ಅಳೆದರು. ಅಷ್ಟು ವರ್ಷ ಕಂಪನಿಗಳ ಪರೀಕ್ಷೆ ನಡೆದದ್ದು ಹೆಚ್ಚಾಗಿ ನೀರಿನಲ್ಲಿ, ಉಪ್ಪುನೀರಿನಲ್ಲಿ. ರಕ್ತ ನೀರಿನಷ್ಟು ತೆಳುವಲ್ಲ ಅನ್ನುವುದಕ್ಕೆ ವಿಜ್ಞಾನ ಬೇಕೇ? ಅವರ ಅಳತೆಯಲ್ಲಿ ಡಿಸ್ಕ್ ಸರಾಸರಿ 61 ಮಿಲೀಲೀಟರ್ ಹಿಡಿಯಿತು, ಮುಟ್ಟಿನ ಚಡ್ಡಿ ಎರಡರ ಆಸುಪಾಸು. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅವರಲ್ಲಿ ಎಷ್ಟು ಜನ "ಮೂರೇ ಪ್ಯಾಡ್" ಅಂತ ಹೇಳಿ ವಾಪಸ್ ಬಂದವರೋ.

"12 ಗಂಟೆ" ಅನ್ನುವುದು ಇನ್ನೂ ಕೆಟ್ಟದ್ದು. ವೈದ್ಯರು, ಆಶಾ ಕಾರ್ಯಕರ್ತೆಯರು ಹೇಳುವುದು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ ಅಂತ. ಪ್ಯಾಕೆಟ್ ಹೇಳುವುದು ಅದರ ಎರಡರಷ್ಟು. "ವರೆಗೆ" ಅನ್ನುವ ಸಣ್ಣಕ್ಷರ ಕಂಪನಿಯನ್ನು ಕಾಪಾಡುತ್ತದೆ. ಆ ಮಾತು ಮಾರಾಟವಾಗುವುದು ಯಾರಿಗೆ? ಶೌಚಾಲಯಕ್ಕೆ ಹೋಗಲು ಸೂಪರ್‌ವೈಸರ್ ಮುಖ ನೋಡಬೇಕಾದ ಗಾರ್ಮೆಂಟ್ಸ್ ಹುಡುಗಿಗೆ, ನೀರಿಲ್ಲದ ಶಾಲೆಯ ಮಗುವಿಗೆ, ಇಡೀ ದಿನ ರಸ್ತೆಯಲ್ಲಿರುವ ಟ್ರಾಫಿಕ್ ಪೊಲೀಸ್ ಹೆಂಗಸಿಗೆ. ಟಾಯ್ಲೆಟ್ ಕೊಡದ ಊರಿನ ಕೊರತೆಯನ್ನು ಡಬಲ್ ಎಕ್ಸ್‌ಎಲ್ ಆಗಿ ಅವಳಿಗೇ ಮಾರುವುದು.

ಇನ್ನು ಮಾತಿನ ವಿಷಯ. ಪ್ರಾಕ್ಟರ್ ಆಂಡ್ ಗ್ಯಾಂಬಲ್‌ನ ಪ್ಯಾಡ್ ಅಮೆರಿಕದಲ್ಲಿ "ಆಲ್ವೇಸ್", ನಮ್ಮಲ್ಲಿ "ವಿಸ್ಪರ್", ಅಂದರೆ ಪಿಸುಮಾತು. ಇದೇ ಬ್ರ್ಯಾಂಡ್ 2014ರಲ್ಲಿ "ಟಚ್ ದ ಪಿಕಲ್" ಅಂತ ಜಾಹೀರಾತು ಮಾಡಿ, ಮುಟ್ಟಾದವರು ಉಪ್ಪಿನಕಾಯಿ ಮುಟ್ಟಬಾರದು ಅನ್ನುವ ಕಟ್ಟುಪಾಡನ್ನು ಮುರಿಯಿರಿ ಅಂದಿತು. ಮರುವರ್ಷ ಫ್ರಾನ್ಸಿನ ಕಾನ್ ಜಾಹೀರಾತು ಉತ್ಸವದಲ್ಲಿ ದೊಡ್ಡ ಪ್ರಶಸ್ತಿಯೂ ಬಂತು. ಒಳ್ಳೆಯ ಜಾಹೀರಾತೇ. ಧೈರ್ಯವಾಗಿ ಉಪ್ಪಿನಕಾಯಿ ಮುಟ್ಟು, ಅಂಗಡಿಗೆ ಹೋಗಿ ಪಿಸುಮಾತು ಕೇಳು. ಇದೇನೂ ಇವತ್ತಿನದಲ್ಲ. 1928ರಲ್ಲಿ ಜಾನ್ಸನ್ ಆಂಡ್ ಜಾನ್ಸನ್ ಅಮೆರಿಕದ ಪತ್ರಿಕೆಗಳಲ್ಲಿ ಒಂದು ಚೀಟಿ ಅಚ್ಚು ಹಾಕಿಸುತ್ತಿತ್ತು. ಕತ್ತರಿಸಿಕೊಂಡು ಹೋಗಿ ಅಂಗಡಿಯವನ ಕೈಗೆ ಕೊಟ್ಟರಾಯಿತು, ಬಾಯಿ ಬಿಡುವ ಹಾಗೇ ಇಲ್ಲ. ನಾಚಿಕೆ ಇದ್ದಷ್ಟೂ ಪ್ರಶ್ನೆ ಕಡಿಮೆ. ಕೌಂಟರಿನಲ್ಲಿ ನಿಂತು ನಾಲ್ಕು ಪ್ಯಾಕೆಟ್ ತೆಗೆಸಿ, ಹಿಂದೆ ಮುಂದೆ ತಿರುಗಿಸಿ ಹೋಲಿಸಿ ನೋಡುವುದನ್ನು ನಾವು ಸೀರೆಗೆ ಮಾಡುತ್ತೇವೆ, ಕುಕ್ಕರಿಗೆ ಮಾಡುತ್ತೇವೆ, ಪ್ಯಾಡಿಗೆ ಮಾಡುವುದಿಲ್ಲ. ಕಪ್ಪು ಕವರ್ ಅಂಗಡಿಯವರ ಮರ್ಯಾದೆ ಅಂತ ನಾವು ಅಂದುಕೊಂಡಿದ್ದೇವೆ. ಕಂಪನಿಗೆ ಅದು ಪುಕ್ಕಟೆ ರಕ್ಷಣೆ.

ಟಿವಿಯ ಪ್ಯಾಡ್ ಜಾಹೀರಾತಿನಲ್ಲಿ ರಕ್ತದ ಬದಲು ಸುರಿಯುವ ನೀಲಿ ನೀರಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ನಮ್ಮ ಹುಡುಗ ಚಿಕ್ಕವನಿದ್ದಾಗ ಅದನ್ನು ಇಂಕ್ ಒರೆಸುವ ಬಟ್ಟೆಯ ಜಾಹೀರಾತು ಅಂದುಕೊಂಡಿದ್ದ. ಬ್ರಿಟನ್ನಿನಲ್ಲಿ ಬಾಡಿಫಾರ್ಮ್ ಅನ್ನುವ ಪ್ಯಾಡ್ ಬ್ರ್ಯಾಂಡ್ 2017ರಲ್ಲಿ ಕೆಂಪು ತೋರಿಸಿತು, ನಮ್ಮಲ್ಲಿ 2020ರಲ್ಲಿ ರಾಧಿಕಾ ಆಪ್ಟೆ ಇದ್ದ ರಿಯೋ ಜಾಹೀರಾತು ತೋರಿಸಿತು. ಬಣ್ಣ ಸರಿಯಾಯಿತು, ಪ್ಯಾಕೆಟ್ಟಿನ ಹಿಂಬದಿ ಹಾಗೇ ಇದೆ.

ಲೇಬಲ್ ಅಂಟಿಸುವುದು ಕಂಪನಿ ಮಾತ್ರವಲ್ಲ. ಆ ಐದನೇ ಸಮೀಕ್ಷೆಯಲ್ಲೇ 15ರಿಂದ 24 ವರ್ಷದವರು ಮುಟ್ಟಿನಲ್ಲಿ ಏನು ಬಳಸುತ್ತಾರೆ ಅಂತ ಕೇಳಿದ್ದರು. ಪ್ಯಾಡು, ಟ್ಯಾಂಪೂನು, ಮುಟ್ಟಿನ ಕಪ್, ಊರಲ್ಲೇ ಮಾಡಿದ ನ್ಯಾಪ್ಕಿನ್ನು, ಇವಿಷ್ಟು "ಶುಚಿಯಾದ ವಿಧಾನ." ಬಟ್ಟೆ ಆ ಲೆಕ್ಕಕ್ಕೆ ಬರುವುದಿಲ್ಲ. ಅರ್ಧದಷ್ಟು ಮಂದಿ ಬಟ್ಟೆ ಬಳಸುತ್ತೇವೆ ಅಂದಿದ್ದರು, ಕೆಲವರು ಎರಡನ್ನೂ. ನಮ್ಮಮ್ಮ ಹಳೇ ಪಂಚೆ ಹರಿದು, ಸೋಪು ಹಾಕಿ ಕುಕ್ಕಿ, ಬಿಸಿಲಲ್ಲಿ ಒಣಗಿಸಿ, ಮಡಚಿ ಟ್ರಂಕಿನಲ್ಲಿಡುತ್ತಿದ್ದರು. ಬಿಸಿಲಲ್ಲಿ ಅಂದರೆ, ಮೇಲೆ ಒಂದು ಸೀರೆ ಹೊದಿಸಿ, ಯಾರಿಗೂ ಕಾಣದ ಹಾಗೆ. ಕತ್ತಲ ಮೂಲೆಯಲ್ಲಿ ಒಣಗಿಸುವ ಬಟ್ಟೆ ಕೆಟ್ಟದ್ದು, ಒಪ್ಪೋಣ. ಆದರೆ ಎಂಟು ಗಂಟೆ ಬದಲಿಸದ ಪ್ಯಾಡ್ "ಶುಚಿ" ಪಟ್ಟಿಯಲ್ಲಿ, ಅಮ್ಮನ ಪಂಚೆ ಹೊರಗೆ. ವಿಚಿತ್ರ ಅಂದರೆ, ಇದೇ ದೇಶದ ಮಾನಕ ಸಂಸ್ಥೆ 2021ರಲ್ಲಿ ತೊಳೆದು ಬಳಸುವ ಪ್ಯಾಡಿಗೆಂದೇ ಬೇರೆ ಮಾನದಂಡ ತಂದಿದೆ. ಅದು ಬಟ್ಟೆಯದ್ದೇ ತಾನೇ?

ಈಚೆಗೆ ಪ್ಯಾಕೆಟ್ಟುಗಳು ಹಸಿರಾಗಿವೆ. ಬಿದಿರು, ಬಾಳೆನಾರು, ಬಯೋ, ಇಕೋ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಇಂಥ ಪದಗಳಿಗೆ ಲಗಾಮು ಹಾಕುವ ಮಾರ್ಗಸೂಚಿ ತಂದಿತು. ಪರಿಸರಸ್ನೇಹಿ ಅಂತ ಬರೆದರೆ ಹೇಗೆ ಅಂತ ಪುರಾವೆ ಇಟ್ಟುಕೊಂಡಿರಬೇಕು. ಆದರೆ ಸರ್ಕಾರದ್ದೇ ಪ್ಯಾಡ್ ನೋಡಿ. ಜನೌಷಧಿ ಕೇಂದ್ರಗಳ "ಸುವಿಧಾ" 2018ರಲ್ಲಿ ಬಂತು, ಮರುವರ್ಷ ಆಗಸ್ಟಿನಿಂದ ಒಂದಕ್ಕೆ 1 ರೂಪಾಯಿ. ಬೆಲೆಗೆ ಯಾರೂ ಹೆಸರಿಡುವ ಹಾಗಿಲ್ಲ. ಅದರ ಮೇಲಿನ ಹೆಗ್ಗಳಿಕೆ "ಆಕ್ಸೋ ಬಯೋಡಿಗ್ರೇಡಬಲ್." ಅಂದರೆ ಮಾಮೂಲಿ ಪ್ಲಾಸ್ಟಿಕ್ಕಿಗೆ ಒಂದು ಪದಾರ್ಥ ಬೆರೆಸುತ್ತಾರೆ, ಗಾಳಿ ಬಿಸಿಲಿಗೆ ಅದು ಚೂರುಚೂರಾಗುತ್ತದೆ. ಚೂರಾದದ್ದು ಕರಗಿತು ಅಂತ ನಂಬದ ಐರೋಪ್ಯ ಒಕ್ಕೂಟ 2021ರ ಜುಲೈನಿಂದ ಹೀಗೆ ಚೂರಾಗುವ ಪ್ಲಾಸ್ಟಿಕ್ಕಿನ ವಸ್ತುಗಳನ್ನು ನಿಷೇಧಿಸಿತು. ನಮ್ಮದೇ ಪ್ಲಾಸ್ಟಿಕ್ ನಿಯಮದ 2024ರ ತಿದ್ದುಪಡಿ ಕೂಡ, ಸೂಕ್ಷ್ಮ ಪ್ಲಾಸ್ಟಿಕ್ ಉಳಿಸದೇ ಕೊಳೆಯುವುದನ್ನು ಮಾತ್ರ ಬಯೋಡಿಗ್ರೇಡಬಲ್ ಅನ್ನಬೇಕು ಅನ್ನುತ್ತದೆ.

ಇನ್ನು ಎಸೆಯುವ ಕಥೆ. 2016ರ ಘನತ್ಯಾಜ್ಯ ನಿಯಮದಲ್ಲಿ ಪ್ಯಾಡ್ ತಯಾರಕರಿಗೆ ಒಂದು ಕೆಲಸ ಹೇಳಿದ್ದರು. ಮರುಬಳಕೆ ಆಗುವ ವಸ್ತುವಿನಿಂದ ಮಾಡಲು ಆಗುತ್ತದೋ ನೋಡಿ, ಇಲ್ಲವೇ ಬಳಸಿದ ಒಂದೊಂದು ಪ್ಯಾಡನ್ನೂ ಸುತ್ತಿ ಎಸೆಯಲು ಪ್ಯಾಕೆಟ್ ಜೊತೆ ಚೀಲವನ್ನೋ ಸುತ್ತುವ ಹಾಳೆಯನ್ನೋ ಕೊಡಿ ಅಂತ. ಈಗ ಮನೆಯಲ್ಲಿ ಮೂರು ಕಂಪನಿಯ ಪ್ಯಾಕೆಟ್ ಇವೆ, ಈ ಲೇಖನಕ್ಕೆಂದೇ ತಂದದ್ದು. ಒಂದರಲ್ಲಿ ಚೀಲ ಇದೆ. ಇನ್ನೊಂದರಲ್ಲಿ ಪ್ಯಾಡಿಗೆ ಸುತ್ತಿದ ಬಣ್ಣದ ಹಾಳೆಯನ್ನೇ ಚೀಲ ಅಂದುಕೊಳ್ಳಬೇಕು. ಮೂರನೆಯದರಲ್ಲಿ ಏನೂ ಇಲ್ಲ.

ಬೆಂಗಳೂರಿನಲ್ಲಿ ಹೈಕೋರ್ಟಿನ 2015ರ ಆದೇಶದ ಮೇಲೆ "ಎರಡು ಬುಟ್ಟಿ, ಒಂದು ಚೀಲ" ಬಂತು. ಹಸಿರು ಬುಟ್ಟಿಗೆ ಹಸಿ ಕಸ, ಚೀಲಕ್ಕೆ ಒಣ ಕಸ, ಕೆಂಪು ಬುಟ್ಟಿಗೆ ಪ್ಯಾಡು ಡೈಪರು. ಕೆಂಪು ಬುಟ್ಟಿ ಇಲ್ಲದ ಮನೆಗಳೇ ನಮ್ಮ ಬೀದಿಯಲ್ಲಿ ಜಾಸ್ತಿ. ಬೆಳಿಗ್ಗೆ ಏಳಕ್ಕೆ ಆಟೋ ಜೊತೆ ಬರುವ ಪೌರಕಾರ್ಮಿಕ ಅಕ್ಕ ಒಣ ಕಸವನ್ನು ಕೈಯಲ್ಲೇ ಬೇರೆ ಮಾಡುತ್ತಾರೆ, ಗ್ಲೌಸ್ ಒಂದು ಕೈಗೆ ಮಾತ್ರ. ಪೇಪರಿನ ಉಂಡೆ ಸಿಕ್ಕರೆ ಅದರೊಳಗೆ ತೆಂಗಿನ ಚಿಪ್ಪೋ, ಒಡೆದ ಲೋಟವೋ, ಪ್ಯಾಡೋ, ಬಿಚ್ಚಿದ ಮೇಲೇ ಗೊತ್ತು. "ಮೇಡಂ, ಒಂದು ಕೆಂಪು ಚುಕ್ಕೆ ಇಟ್ಟು ಕೊಡಿ ಸಾಕು, ನಾನು ಬಿಚ್ಚಲ್ಲ" ಅಂದಿದ್ದರು ಒಮ್ಮೆ. ಪುಣೆಯ ಕಸ ಆಯುವ ಹೆಂಗಸರೂ ಇದನ್ನೇ ಕೇಳಿದ್ದರು, ಬೆಂಗಳೂರಿನಲ್ಲೂ ಕೆಂಪು ಚುಕ್ಕೆ ಅಭಿಯಾನ ನಡೆದಿದೆ.

ಹಾಗಾಗಿ ಮೆಡಿಕಲ್ ಶಾಪಿನವರು ಸುತ್ತಿಕೊಟ್ಟ ಪೇಪರನ್ನು ನಾನು ಎಸೆಯುವುದಿಲ್ಲ. ಕತ್ತರಿಸಿ ಬಚ್ಚಲ ಕಿಟಕಿಯಲ್ಲಿ ಇಟ್ಟುಕೊಂಡಿದ್ದೇನೆ, ಪಕ್ಕದಲ್ಲಿ ಮಗನ ಹಳೇ ಕೆಂಪು ಸ್ಕೆಚ್ ಪೆನ್ನು. ಸುತ್ತಿ ಮೇಲೆ ಚುಕ್ಕೆ ಇಡುತ್ತೇನೆ. ಮೊನ್ನೆ ಪೆನ್ನು ಒಣಗಿತ್ತು, ಕುಂಕುಮದಲ್ಲಿ ಇಟ್ಟೆ. ಅಕ್ಕ ಅದನ್ನು ನೋಡಿ ನಕ್ಕು, ಬಿಚ್ಚದೇ ಆಟೋದ ಬದಿಗೆ ನೇತುಹಾಕಿದ್ದ ಬೇರೆ ಚೀಲಕ್ಕೆ ಹಾಕಿಕೊಂಡರು.